ಕಂಕುಳಲ್ಲಿ ಕೂಸು, ಕೈಯಲ್ಲಿ ಕಾಯಿದೆ: ಶ್ರೀಮತಿ ವಯೊಲೆಟ್ ಆಳ್ವಾ

ಮನೆಯೇ ಮೊದಲ ಧರ್ಮಸಭೆ, ಕುಟುಂಬವೇ ಮೊದಲ ದೇವಾಲಯ ಎಂಬ ಬೋಧನೆಯನ್ನು ಕಥೋಲಿಕರಾದ ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಈ ಬೋಧನೆಗೆ ಮತ್ತೊಮ್ಮೆ ಒತ್ತು ನೀಡಿತು. ಆದರೆ ಆ ಪುಟ್ಟ ದೇವಾಲಯದಲ್ಲಿ ದೀಪ ಹಚ್ಚುವ ತಾಯಿಯೇ ನಸುಕಿನಲ್ಲಿ ಎದ್ದು, ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊರಗಿನ ದುಡಿಮೆಗೆ ಹೊರಡಬೇಕಾಗಿ ಬಂದರೆ ಆಕೆಯ ತೊಟ್ಟಿಲ ಕೂಸಿನ ಗತಿಯೇನು? ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಚದುರಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ. ದೂರದ ಹಳ್ಳಿಗೆ ವರ್ಗವಾದ ಶಿಕ್ಷಕಿ, ರಾತ್ರಿ ಪಾಳಿಯ ದಾದಿ, ಅಂಗನವಾಡಿ ಕಾರ್ಯಕರ್ತೆ, ಗುಳೆ ಹೊರಟ ಕೂಲಿಕಾರ್ತಿ, ಹೀಗೆ ಒಬ್ಬೊಬ್ಬರ ಮನೆಯಲ್ಲಿ ಅದು ಒಂದೊಂದು ರೂಪದಲ್ಲಿ ನಿತ್ಯವೂ ಎದುರಾಗುತ್ತದೆ.

ಒಳ್ಳೆಯ ತಾಯಿಯಾಗಬೇಕಾದರೆ ವೃತ್ತಿಯನ್ನು ತೊರೆಯಬೇಕು, ವೃತ್ತಿಯಲ್ಲಿ ಮೇಲೇರಬೇಕಾದರೆ ಮಕ್ಕಳನ್ನು ಮರೆಯಬೇಕು ಎಂಬ ಮಾತು ನಮ್ಮ ಸಮಾಜದಲ್ಲಿ ಆಗಾಗ ಕೇಳಿಬರುತ್ತದೆ. ಈ ಎರಡು ದಾರಿಗಳಲ್ಲಿ ಯಾವುದನ್ನೂ ಹಿಡಿಯದೆ, ಮೂರನೆಯ ದಾರಿಯೊಂದನ್ನು ತಾವೇ ತುಳಿದು ತೋರಿಸಿದ ಒಬ್ಬ ಮಹಿಳೆಯ ಜೀವನವನ್ನು ಈ ವಾರ ನೆನೆಯೋಣ. ಅವರೇ ರಾಜ್ಯಸಭೆಯ ಉಪಸಭಾಪತಿಗಳಾಗಿದ್ದ ದಿವಂಗತ ಶ್ರೀಮತಿ ವಯೊಲೆಟ್ ಆಳ್ವಾ. ಹುಟ್ಟಿನಿಂದ ಗುಜರಾತಿನವರು, ವಿದ್ಯೆಯಿಂದ ಮುಂಬಯಿಯವರು, ವಿವಾಹದಿಂದ ಉಡುಪಿಯ ಸೊಸೆ. ರಾಜ್ಯಸಭೆಯಲ್ಲಿ ನಮ್ಮ ರಾಜ್ಯದ ಪ್ರತಿನಿಧಿಯಾಗಿಯೂ ಕುಳಿತವರು.

ತಬ್ಬಲಿತನದ ಪಾಠ

ವಯೊಲೆಟ್ ಹರಿ ಅವರು 1908ರ ಏಪ್ರಿಲ್ 24ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ರೆವರೆಂಡ್ ಲಕ್ಷ್ಮಣ ಹರಿ ಅವರು ಆಂಗ್ಲಿಕನ್ ಸಭೆಯಲ್ಲಿ ಪಾಲಕರಾಗಿ ದೀಕ್ಷೆ ಪಡೆದ ಮೊದಲ ಕೆಲವು ಭಾರತೀಯರಲ್ಲಿ ಒಬ್ಬರು. ಒಂಬತ್ತು ಮಕ್ಕಳ ಆ ತುಂಬು ಸಂಸಾರದಲ್ಲಿ ವಯೊಲೆಟ್ ಎಂಟನೆಯವರು. ಬೋಧಕರ ಮನೆಯೆಂದ ಮೇಲೆ ಪ್ರಾರ್ಥನೆಗೆ ಕೊರತೆಯಿರಲಿಲ್ಲ. ಆದರೆ ಆ ಸೌಖ್ಯ ಬಹುಕಾಲ ಉಳಿಯಲಿಲ್ಲ. ಹದಿನಾರರ ಹರೆಯದಲ್ಲಿಯೇ ಅವರು ತಾಯಿ ತಂದೆಯರಿಬ್ಬರನ್ನೂ ಕಳೆದುಕೊಂಡರು.

ಇಂತಹ ಹೊತ್ತಿನಲ್ಲಿ ಅನೇಕ ಹೆಣ್ಣುಮಕ್ಕಳ ಓದು ಅಲ್ಲಿಗೇ ನಿಂತುಹೋಗುತ್ತದೆ. ನಮ್ಮ ಹಳ್ಳಿಗಳಲ್ಲಿ ಈಗಲೂ ಹಾಗೆಯೇ. ಮನೆಯ ಹಿರಿಯರು ತೀರಿಕೊಂಡರೆ ಮೊದಲು ಶಾಲೆ ಬಿಡುವವಳು ಮಗಳು. ವಯೊಲೆಟ್ ಅವರ ಅಣ್ಣ ಅಕ್ಕಂದಿರು ಹಾಗಾಗಲು ಬಿಡಲಿಲ್ಲ. ತಂಗಿಯ ಓದಿನ ಭಾರವನ್ನು ತಾವೇ ಹೊತ್ತುಕೊಂಡರು. ಮುಂಬಯಿಯ ಕ್ಲೇರ್ ರೋಡ್ ಕಾನ್ವೆಂಟಿನಲ್ಲಿ ಅವರ ಮೆಟ್ರಿಕ್ಯುಲೇಶನ್ ಪೂರ್ಣಗೊಂಡಿತು. ಬಳಿಕ ಯೇಸುಸಭೆಯ ಗುರುಗಳ ಸೇಂಟ್ ಕ್ಸೇವಿಯರ್ ಕಾಲೇಜಿನಲ್ಲಿ ಪದವಿ, ಸರಕಾರಿ ಕಾನೂನು ಮಹಾವಿದ್ಯಾಲಯದಲ್ಲಿ ಕಾಯಿದೆಯ ವ್ಯಾಸಂಗ. ಕೆಲಕಾಲ ಅವರು ಮುಂಬಯಿಯ ಭಾರತೀಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿಯೂ ದುಡಿದರು. ಮಹರ್ಷಿ ಕರ್ವೆಯವರು ಮಹಿಳೆಯರಿಗಾಗಿಯೇ 1916ರಲ್ಲಿ ಕಟ್ಟಿದ ವಿದ್ಯಾಸಂಸ್ಥೆ ಅದು.

ಮಗುವನ್ನು ಬೆಳೆಸುವುದು ಹಡೆದವರೊಬ್ಬರ ಹೊಣೆಯಷ್ಟೇ ಅಲ್ಲ, ಅದು ಇಡೀ ಮನೆತನದ ಹೊಣೆ ಎಂಬುದನ್ನು ವಯೊಲೆಟ್ ಪುಸ್ತಕದಿಂದ ಕಲಿಯಲಿಲ್ಲ; ತಮ್ಮ ಬದುಕಿನಿಂದಲೇ ಕಲಿತರು. ಅವರ ಮುಂದಿನ ಜೀವನವನ್ನು ನೋಡುವಾಗ ಈ ಪಾಠವನ್ನು ಮರೆಯಬಾರದು.

ಒಂದೇ ಮನೆ, ಒಂದೇ ವೃತ್ತಿ

ಆ ಕಾಲದಲ್ಲಿ ಸ್ತ್ರೀಯೊಬ್ಬಳು ಕರಿಕೋಟು ತೊಟ್ಟು ನ್ಯಾಯಾಲಯಕ್ಕೆ ಹೋಗುವುದೆಂದರೆ ಸಾಮಾನ್ಯ ಸಂಗತಿಯಾಗಿರಲಿಲ್ಲ. ಭಾರತದಲ್ಲಿ ಹೆಂಗಸರೂ ವಕೀಲಿ ಮಾಡಬಹುದೆಂದು ಶಾಸನವು ನಿಸ್ಸಂದಿಗ್ಧವಾಗಿ ಹೇಳಿದ್ದು 1923ರಲ್ಲಿ. ಅದಕ್ಕೂ ಮೊದಲು ಕಾರ್ನೇಲಿಯಾ ಸೊರಾಬ್ಜಿಯವರಂಥ ವಿದ್ಯಾವಂತೆಯೂ ಕಾಯಿದೆ ಓದಿ ದಶಕಗಳ ಕಾಲ ಬಾಗಿಲ ಹೊರಗೆ ಕಾಯಬೇಕಾಗಿತ್ತು. ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಮಿಠನ್ ಟಾಟಾ ಲಾಮ್ ಅವರು ಆ ಬಾಗಿಲನ್ನು ತೆರೆದರು. ಅವರ ಹಿಂದೆ ಬಂದ ಬೆರಳೆಣಿಕೆಯ ಮಹಿಳೆಯರ ಸಾಲಿಗೆ ಸೇರಿದವರು ವಯೊಲೆಟ್. ಕಕ್ಷಿಗಾರನು ವಕೀಲರ ಕೊಠಡಿಗೆ ಬಂದು ಹೆಂಗಸನ್ನು ಕಂಡರೆ ಅಳುಕುವ ಕಾಲ ಅದು.

1937ರಲ್ಲಿ ಅವರು ಜೋಕಿಂ ಆಳ್ವಾ ಅವರ ಕೈಹಿಡಿದರು. ಜೋಕಿಂ ಅವರು 1907ರಲ್ಲಿ ಉಡುಪಿಯ ಸಮೀಪದ ಬೆಳ್ಳೆಯಲ್ಲಿ ಜನಿಸಿದ ಕಥೋಲಿಕರು. ವಕೀಲರು, ಪತ್ರಕರ್ತರು, ಕ್ರೈಸ್ತ ಯುವಜನರನ್ನು ರಾಷ್ಟ್ರೀಯ ಚಳವಳಿಯತ್ತ ಸೆಳೆದವರು. ಆಂಗ್ಲಿಕನ್ ಪಾಲಕರ ಮಗಳು ಕಥೋಲಿಕ ಮನೆತನದ ಸೊಸೆಯಾದದ್ದು ಎರಡು ಸಭೆಗಳ ನಡುವೆ ಎತ್ತರದ ಗೋಡೆಗಳಿದ್ದ ದಿನಗಳಲ್ಲಿ ಎಂಬುದನ್ನು ನೆನೆಯಬೇಕು. ಸಭೈಕ್ಯದ ಮಾತು ಧರ್ಮಸಭೆಯಲ್ಲಿ ಎಲ್ಲೆಡೆ ಕೇಳಿಬರಲು ಇನ್ನೂ ಕಾಲು ಶತಮಾನ ಬಾಕಿಯಿತ್ತು.

ಮದುವೆಯಾದ ಮೇಲೆ ಹೆಂಡತಿ ವೃತ್ತಿಯನ್ನು ಬಿಡಲಿಲ್ಲ. ಗಂಡ ಬಿಡೆಂದು ಹೇಳಲಿಲ್ಲ. ದಂಪತಿಗಳು ಜೊತೆಯಾಗಿಯೇ ವಕೀಲಿಯನ್ನು ಆರಂಭಿಸಿದರು. ಅದು ಬಹು ದೊಡ್ಡ ವಿಷಯ. ಪುರುಷನ ದುಡಿಮೆಗೆ ಮಡದಿ ನೆರವಾಗುವುದನ್ನು ನಾವು ಸಹಜವೆಂದು ತಿಳಿಯುತ್ತೇವೆ. ಇಲ್ಲಿ ಅದು ಪರಸ್ಪರವಾಗಿತ್ತು. ಈ ಸಂಸಾರದಲ್ಲಿ ನಿರಂಜನ ಮತ್ತು ಚಿತ್ತರಂಜನ ಎಂಬ ಇಬ್ಬರು ಗಂಡುಮಕ್ಕಳು, ಮಾಯಾ ಎಂಬ ಹೆಣ್ಣುಮಗಳು ಬೆಳೆದರು.

ಮುಂಬಯಿಯ ಈ ವಕೀಲಿಗೂ ನಮ್ಮ ಸೀಮೆಗೂ ಇದ್ದ ನಂಟನ್ನು ಇಲ್ಲಿ ಹೇಳಬೇಕು. 1956ರ ನವೆಂಬರ್ 1ರವರೆಗೆ ಬಿಜಾಪುರ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿತ್ತು. ಇಲ್ಲಿಯ ಹೊಲಮನೆಗಳ ತಂಟೆ ಜಿಲ್ಲಾ ನ್ಯಾಯಾಲಯದಲ್ಲಿ ಬಗೆಹರಿಯದಿದ್ದರೆ ಮೇಲ್ಮನವಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೇ ಹೋಗುತ್ತಿತ್ತು. ಇಂಡಿಯವರು ಇಂಡಿ ರೋಡ್ ನಿಲ್ದಾಣದಲ್ಲಿ, ಬಾಗೇವಾಡಿಯವರು ಬಸವನ ಬಾಗೇವಾಡಿ ರೋಡ್ ನಿಲ್ದಾಣದಲ್ಲಿ ಗದಗ ಹೊಟಗಿ ಮೀಟರ್ ಗೇಜ್ ಗಾಡಿಯನ್ನು ಹತ್ತಿ, ಹೊಟಗಿಯಲ್ಲಿ ಗಾಡಿ ಬದಲಿಸಿ, ಸೋಲಾಪುರದ ಮೇಲೆ ಮುಂಬಯಿಗೆ ಹೋಗಬೇಕು. ಸಿಂದಗಿ, ಮುದ್ದೇಬಿಹಾಳಗಳ ಊರಿನಲ್ಲಿ ರೈಲೇ ಇರಲಿಲ್ಲ. ಮೊದಲು ಚಕ್ಕಡಿಯಲ್ಲೋ ಮೋಟಾರಿನಲ್ಲೋ ನಿಲ್ದಾಣವನ್ನು ಮುಟ್ಟಬೇಕು. ಹೀಗೆ ನಮ್ಮ ಅಜ್ಜಂದಿರ ಕಾಗದಪತ್ರಗಳು ತಲುಪುತ್ತಿದ್ದ ನ್ಯಾಯಾಲಯದಲ್ಲಿಯೇ ಶ್ರೀಮತಿ ಆಳ್ವಾ ಅವರು ತಮ್ಮ ಹೆಸರನ್ನು ಗಳಿಸಿದರು.

ಸೆರೆಮನೆಯ ತೊಟ್ಟಿಲು

1942ರ ಆಗಸ್ಟ್ 8ರಂದು ಮುಂಬಯಿಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಭಾರತ ಬಿಟ್ಟು ತೊಲಗಿ ಎಂಬ ಠರಾವು ಮೊಳಗಿತು. ಮರುದಿನದಿಂದಲೇ ನಾಯಕರ ಬಂಧನ ಆರಂಭವಾಯಿತು. ಆಳ್ವಾ ದಂಪತಿಗಳ ಮನೆ ರಾಷ್ಟ್ರೀಯ ಚಳವಳಿಯಿಂದ ದೂರವಿದ್ದ ಮನೆಯಲ್ಲ. ಜೋಕಿಂ ಅವರು ಸೆರೆವಾಸವನ್ನು ಹಲವು ಬಾರಿ ಕಂಡವರು. 1943ರಲ್ಲಿ ದಂಪತಿಗಳು ಫೋರಂ ಎಂಬ ಇಂಗ್ಲಿಷ್ ವಾರಪತ್ರಿಕೆಯನ್ನು ಹೊರತಂದರು. ವಕೀಲಿ, ಪತ್ರಿಕೆ, ಚಳವಳಿ, ಎಳೆಯ ಮಕ್ಕಳು, ಎಲ್ಲವೂ ಒಂದೇ ಮನೆಯಲ್ಲಿ.

ಅದೇ 1943ರಲ್ಲಿ ಬ್ರಿಟಿಷ್ ಸರಕಾರ ಶ್ರೀಮತಿ ಆಳ್ವಾ ಅವರನ್ನು ಬಂಧಿಸಿತು. ಚಿತ್ತರಂಜನ ಆಗ ಐದು ತಿಂಗಳ ಹಸುಗೂಸು. ಐದು ತಿಂಗಳೆಂದರೆ ಏನೆಂದು ಹಡೆದವರಿಗೆ ಹೇಳಬೇಕಾಗಿಲ್ಲ. ಕೂಸು ತಾಯಿಯ ಮುಖ ನೋಡಿ ನಗಲು ಕಲಿತಿರುತ್ತದೆ, ಹೊರಳಲು ಹವಣಿಸುತ್ತಿರುತ್ತದೆ, ಎದೆಹಾಲನ್ನೇ ನೆಚ್ಚಿರುತ್ತದೆ. ಆ ಕೂಸನ್ನು ಶ್ರೀಮತಿ ಆಳ್ವಾ ಅವರು ಮನೆಯಲ್ಲಿ ಬಿಡಲಿಲ್ಲ. ಎತ್ತಿಕೊಂಡೇ ಮುಂಬಯಿಯ ಆರ್ಥರ್ ರೋಡ್ ಕಾರಾಗೃಹದ ಬಾಗಿಲನ್ನು ಹೊಕ್ಕರು.

ಈ ಘಟನೆಯನ್ನು ಕೇಳಿದವರಲ್ಲಿ ಎರಡು ಬಗೆಯ ಮಾತು ಬರಬಹುದು. ಎಳೆಯ ಕೂಸನ್ನು ಸೆರೆಮನೆಗೆ ಒಯ್ಯುವುದುಂಟೇ, ಕೂಸಿಗಾಗಿಯಾದರೂ ಚಳವಳಿಯಿಂದ ದೂರವಿರಬಾರದಿತ್ತೇ ಎಂದು ಕೆಲವರು ಕೇಳಬಹುದು. ದೇಶದ ಕರೆಯ ಮುಂದೆ ಕೂಸು ಯಾವ ಲೆಕ್ಕ ಎಂದು ಬೇರೆ ಕೆಲವರು ಹೇಳಬಹುದು. ಎರಡೂ ಮಾತುಗಳು ಆ ತಾಯಿಯನ್ನು ಅರ್ಥಮಾಡಿಕೊಳ್ಳಲಾರವು. ಕೂಸಿನ ನೆಪ ಹೇಳಿ ಅವರು ಕರ್ತವ್ಯವನ್ನು ಬಿಡಲಿಲ್ಲ. ಕರ್ತವ್ಯದ ನೆಪ ಹೇಳಿ ಕೂಸನ್ನೂ ಬಿಡಲಿಲ್ಲ. ಎರಡನ್ನೂ ಎತ್ತಿಕೊಂಡು ನಡೆದರು. ಹೆರೋದನ ಕ್ರೋಧದಿಂದ ಪಾರಾಗಲು ನಡುರಾತ್ರಿಯಲ್ಲಿ ಬಾಲ ಯೇಸುವನ್ನು ಮಡಿಲಲ್ಲಿಟ್ಟುಕೊಂಡು ಐಗುಪ್ತದ ದಾರಿ ಹಿಡಿದ ಮರಿಯಮ್ಮನವರ ಚಿತ್ರ ಇಲ್ಲಿ ನಮ್ಮ ಮನಸ್ಸಿನಲ್ಲಿ ಮೂಡಿದರೆ ಅಚ್ಚರಿಯಿಲ್ಲ. ಪವಿತ್ರ ಕುಟುಂಬವೂ ತನ್ನ ಮೊದಲ ದಿನಗಳನ್ನು ಬೆಚ್ಚಗಿನ ಮನೆಯಲ್ಲಿ ಕಳೆಯಲಿಲ್ಲ.

ತಾಯಿಯೊಡನೆ ಸೆರೆಮನೆಯಲ್ಲಿರುವ ಕೂಸುಗಳ ಹಕ್ಕೇನು ಎಂಬ ಪ್ರಶ್ನೆ ಮುಂದೆ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂತು. ಅಂತಹ ಮಕ್ಕಳ ಆಹಾರ, ಆರೈಕೆ, ಶಿಕ್ಷಣಗಳ ಬಗ್ಗೆ ನ್ಯಾಯಾಲಯವು ವಿವರವಾದ ಸೂಚನೆಗಳನ್ನು ನೀಡಿದ್ದು 2006ರಲ್ಲಿ. ಆರು ವರ್ಷ ತುಂಬುವವರೆಗೆ ಮಗುವು ತಾಯಿಯ ಬಳಿ ಇರಬಹುದೆಂದು ಅದು ಹೇಳಿತು. ಚಿತ್ತರಂಜನ ಸೆರೆಮನೆಯನ್ನು ಕಂಡು ಆಗ 63 ವರ್ಷಗಳು ಕಳೆದಿದ್ದವು.

ಪೂರ್ಣಪೀಠದ ಮುಂದೆ

ಸೆರೆವಾಸದ ಮರುವರ್ಷವೇ, ಅಂದರೆ 1944ರಲ್ಲಿ, ಶ್ರೀಮತಿ ಆಳ್ವಾ ಅವರ ಹೆಸರು ಭಾರತದ ನ್ಯಾಯಾಂಗದ ಚರಿತ್ರೆಯಲ್ಲಿ ದಾಖಲಾಯಿತು. ಉಚ್ಚ ನ್ಯಾಯಾಲಯದ ಪೂರ್ಣಪೀಠದ ಮುಂದೆ ವಾದ ಮಂಡಿಸಿದ ಭಾರತದ ಪ್ರಥಮ ಮಹಿಳಾ ನ್ಯಾಯವಾದಿ ಎಂಬ ಗೌರವ ಅವರದಾಯಿತು. ಸಾಮಾನ್ಯವಾಗಿ ಒಂದು ಮೊಕದ್ದಮೆಯನ್ನು ಒಬ್ಬರೋ ಇಬ್ಬರೋ ನ್ಯಾಯಮೂರ್ತಿಗಳು ಕೇಳುತ್ತಾರೆ. ಕಾಯಿದೆಯ ಅರ್ಥವೇ ತೊಡಕಾದಾಗ, ಹಿಂದಿನ ತೀರ್ಪುಗಳು ಒಂದಕ್ಕೊಂದು ಹೊಂದದಿದ್ದಾಗ, ಮೂವರು ಅಥವಾ ಅದಕ್ಕೂ ಹೆಚ್ಚು ನ್ಯಾಯಮೂರ್ತಿಗಳು ಒಟ್ಟಿಗೆ ಕುಳಿತು ಕೇಳುವುದೇ ಪೂರ್ಣಪೀಠ. ಅಲ್ಲಿ ನಿಲ್ಲುವ ವಕೀಲರಿಗೆ ಹಗಲಿರುಳಿನ ಸಿದ್ಧತೆ ಬೇಕು. ಯಾವ ದಿಕ್ಕಿನಿಂದ ಪ್ರಶ್ನೆ ಬಂದೀತೆಂದು ಹೇಳಬರುವುದಿಲ್ಲ. ಮನೆಯಲ್ಲಿ ಅಂಬೆಗಾಲಿನ ಮಗುವಿದ್ದ ತಾಯಿಯೊಬ್ಬಳು ಆ ಸಿದ್ಧತೆಯನ್ನು ಮಾಡಿಕೊಂಡು ನಿಂತಳೆಂದರೆ ಅದರ ಹಿಂದಿನ ನಿದ್ದೆಗೆಟ್ಟ ರಾತ್ರಿಗಳನ್ನು ತಾಯಂದಿರು ಊಹಿಸಬಲ್ಲರು.

ದುಡಿಯುವ ತಾಯಿಗೆ ಆಗ ಕಾಯಿದೆಯ ಆಸರೆ ಎಷ್ಟಿತ್ತು? ಮುಂಬಯಿ ಪ್ರಾಂತದಲ್ಲಿ ಕಾರ್ಖಾನೆಯ ಹೆಂಗಸರಿಗಾಗಿ 1929ರಲ್ಲಿಯೇ ಹೆರಿಗೆ ಸೌಲಭ್ಯದ ಕಾಯಿದೆಯೊಂದು ಬಂದಿತ್ತು. ಇಡೀ ದೇಶಕ್ಕೆ ಅನ್ವಯಿಸುವ ಹೆರಿಗೆ ಸೌಲಭ್ಯ ಕಾಯಿದೆ ಬಂದದ್ದು 1961ರಲ್ಲಿ. ಅದರ 12 ವಾರಗಳ ಸಂಬಳಸಹಿತ ರಜೆಯನ್ನು ಮೊದಲ ಎರಡು ಮಕ್ಕಳ ಮಟ್ಟಿಗೆ 26 ವಾರಗಳಿಗೆ ಏರಿಸಿದ್ದು 2017ರ ತಿದ್ದುಪಡಿ. ಸ್ವತಂತ್ರವಾಗಿ ವಕೀಲಿ ಮಾಡುವ ಮಹಿಳೆಗೆ ಇಂತಹ ಆಸರೆ ಇರಲಿಲ್ಲ. ಅವಳು ನ್ಯಾಯಾಲಯಕ್ಕೆ ಹೋಗದ ದಿನ ಅವಳ ಗಳಿಕೆಯೂ ಇಲ್ಲ, ಹೆಸರೂ ಇಲ್ಲ.

ಅದೇ 1944ರಲ್ಲಿ ಅವರು ಬೇಗಮ್ ಎಂಬ ಮಹಿಳಾ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಅದು ಇಂಡಿಯನ್ ವಿಮೆನ್ ಎಂಬ ಹೆಸರು ಪಡೆಯಿತು. ಪತ್ರಿಕಾರಂಗದಲ್ಲಿ ಅವರು ಗಳಿಸಿದ ಮನ್ನಣೆಗೆ 1952ರಲ್ಲಿ ಒಂದು ಮುದ್ರೆ ಬಿತ್ತು. ಅಖಿಲ ಭಾರತ ಪತ್ರಿಕಾ ಸಂಪಾದಕರ ಸಮ್ಮೇಳನದ ಸ್ಥಾಯಿ ಸಮಿತಿಗೆ ಚುನಾಯಿತರಾದ ಪ್ರಥಮ ಮಹಿಳೆ ಅವರೇ.

ಪರರ ಮಕ್ಕಳು, ತನ್ನ ಮಕ್ಕಳು

ಸ್ವಾತಂತ್ರ್ಯ ಬಂದ 1947ರಲ್ಲಿ ಶ್ರೀಮತಿ ಆಳ್ವಾ ಅವರು ಮುಂಬಯಿಯ ಗೌರವ ದಂಡಾಧಿಕಾರಿಗಳಾಗಿ ನೇಮಕಗೊಂಡರು. 1948ರಿಂದ 1954ರವರೆಗೆ ಬಾಲಾಪರಾಧಿಗಳ ನ್ಯಾಯಾಲಯದ ಅಧ್ಯಕ್ಷರಾಗಿ ಸೇವೆ ಸಲ್ಲಿಸಿದರು. ಅವರ ಜೀವನಚರಿತ್ರೆಯಲ್ಲಿ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಆರು ವರ್ಷಗಳಲ್ಲಿಯೇ ಅವರ ತಾಯ್ತನ ಮತ್ತು ವೃತ್ತಿ ಒಂದರಲ್ಲೊಂದು ಬೆರೆತು ನಿಂತದ್ದನ್ನು ನಾವು ಕಾಣುತ್ತೇವೆ.

ಮುಂಬಯಿ ಪ್ರಾಂತವು ಮಕ್ಕಳಿಗಾಗಿಯೇ 1924ರಲ್ಲಿ ಕಾಯಿದೆಯೊಂದನ್ನು ಮಾಡಿ, 1948ರಲ್ಲಿ ಅದನ್ನು ಹೊಸದಾಗಿ ರೂಪಿಸಿತು. ಹದಿನಾರರೊಳಗಿನ ಮಗು ತಪ್ಪು ಮಾಡಿದರೆ ಅದನ್ನು ದೊಡ್ಡವರ ಸೆರೆಮನೆಗೆ ನೂಕಬಾರದು. ತಪ್ಪಿನ ಬೇರು ಎಲ್ಲಿದೆಯೆಂದು ವಿಚಾರಿಸಿ ಮಗುವನ್ನು ತಿದ್ದಬೇಕು ಎಂಬುದು ಅದರ ತಿರುಳು. ಹೀಗಾಗಿ ಬಾಲಾಪರಾಧಿಗಳ ನ್ಯಾಯಾಲಯವು ಇತರ ನ್ಯಾಯಾಲಯಗಳಂತಲ್ಲ. ಅಲ್ಲಿ ವಾದ ಪ್ರತಿವಾದಗಳ ಅಬ್ಬರಕ್ಕಿಂತ ಮಗುವಿನ ಮನೆ, ಶಾಲೆ, ಸಹವಾಸಗಳ ವಿಚಾರಣೆಯೇ ಮುಖ್ಯ. ಮಗುವನ್ನು ತಾಯಿತಂದೆಯರ ವಶಕ್ಕೆ ಕೊಡಬೇಕೋ, ಪಾಲನಾಗೃಹಕ್ಕೆ ಕಳಿಸಬೇಕೋ, ಎಚ್ಚರಿಕೆ ಹೇಳಿ ಬಿಡಬೇಕೋ ಎಂಬುದನ್ನು ಪೀಠದಲ್ಲಿ ಕುಳಿತವರು ನಿರ್ಧರಿಸಬೇಕು. ಅದಕ್ಕೆ ಕಾಯಿದೆಯ ಜ್ಞಾನದಷ್ಟೇ ಕರುಳೂ ಬೇಕು.

ಆ ವರ್ಷಗಳ ಮುಂಬಯಿಯನ್ನು ನೆನೆಯಬೇಕು. ದೇಶ ಹೋಳಾಗಿ ಸಿಂಧದಿಂದ ನಿರಾಶ್ರಿತರು ಹಡಗು ಹಡಗಾಗಿ ಬಂದಿಳಿದಿದ್ದರು. ಹಳ್ಳಿಗಳಲ್ಲಿ ಮಳೆ ಕೈಕೊಟ್ಟಾಗ ಜನ ನಗರದ ಗಿರಣಿಗಳತ್ತ ಮುಖ ಮಾಡುತ್ತಿದ್ದರು. ಬರದ ನಾಡಾದ ನಮ್ಮ ಬಿಜಾಪುರ ಜಿಲ್ಲೆಯಿಂದಲೂ ಸೋಲಾಪುರ, ಮುಂಬಯಿಗಳಿಗೆ ಗುಳೆ ಹೋಗುವುದು ತಲೆತಲಾಂತರದ ಕತೆ. ಅಂತಹ ನಗರದಲ್ಲಿ ತಾಯಿತಂದೆಯರಿಂದ ತಪ್ಪಿಸಿಕೊಂಡ, ಹಸಿವಿಗೆ ಕದ್ದ, ಬೀದಿಯಲ್ಲಿ ಮಲಗಿದ ಮಕ್ಕಳಿಗೆ ಕೊರತೆಯಿರಲಿಲ್ಲ. ಬಾಲಾಪರಾಧಿಗಳ ನ್ಯಾಯಾಲಯದ ಮುಂದೆ ಬಂದು ನಿಲ್ಲುತ್ತಿದ್ದವರು ಇಂತಹ ಮಕ್ಕಳೇ.

ಹದಿನಾರರಲ್ಲಿ ತಬ್ಬಲಿಯಾಗಿ ಅಣ್ಣ ಅಕ್ಕಂದಿರ ಕೈಯಲ್ಲಿ ಬೆಳೆದ ಹುಡುಗಿ, ಐದು ತಿಂಗಳ ಕೂಸಿನೊಡನೆ ಸೆರೆಮನೆಯನ್ನು ಕಂಡ ತಾಯಿ, ಈಗ ಪರರ ಮಕ್ಕಳ ಭವಿಷ್ಯವನ್ನು ನಿರ್ಧರಿಸುವ ಪೀಠದಲ್ಲಿ ಕುಳಿತಿದ್ದರು. ಅವರ ಸ್ವಂತ ಮಕ್ಕಳೂ ಆಗ ಶಾಲೆಗೆ ಹೋಗುವ ಪ್ರಾಯದವರು. ಮನೆಯಲ್ಲಿ ಮಕ್ಕಳನ್ನು ಬೆಳೆಸುವ ಅನುಭವವೇ ಇಲ್ಲಿ ವೃತ್ತಿಗೆ ಬಂಡವಾಳ. ತಾಯ್ತನವು ವೃತ್ತಿಗೆ ಅಡ್ಡಿ ಎಂದು ಎಣಿಸುವವರು ಈ ಆರು ವರ್ಷಗಳನ್ನು ನೋಡಬೇಕು. ತಾಯಿಯಾಗಿರದ ವಕೀಲೆಯೊಬ್ಬರು ಆ ಕೆಲಸವನ್ನು ಮಾಡಲಾರರೆಂದು ಇದರ ಅರ್ಥವಲ್ಲ. ಆದರೆ ತಾಯ್ತನವನ್ನು ಮನೆಯ ಹೊಸ್ತಿಲಲ್ಲಿ ಕಳಚಿಟ್ಟು ಬರಬೇಕಾದ ಅಗತ್ಯ ಶ್ರೀಮತಿ ಆಳ್ವಾ ಅವರಿಗೆ ಇರಲಿಲ್ಲ. ಒಂದು ಮಗುವನ್ನು ಕರೆದು ಶಿಷ್ಯರ ನಡುವೆ ನಿಲ್ಲಿಸಿ, ಅದನ್ನು ಸ್ವೀಕರಿಸಿದವರು ತನ್ನನ್ನೇ ಸ್ವೀಕರಿಸಿದಂತೆ ಎಂದು ಬೋಧಿಸಿದ ಪ್ರಭುವಿನ ಮಾರ್ಗವೂ ಇದೇ ಅಲ್ಲವೇ?

ದೆಹಲಿಯ ಕರೆ

1952ರಲ್ಲಿ ರಾಜ್ಯಸಭೆ ಸ್ಥಾಪನೆಯಾದಾಗ ಶ್ರೀಮತಿ ಆಳ್ವಾ ಅವರು ಮುಂಬಯಿ ರಾಜ್ಯದಿಂದ ಅದರ ಸದಸ್ಯರಾದರು. ಅದೇ ವರ್ಷ ಜೋಕಿಂ ಅವರು ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಚುನಾಯಿತರಾದರು. 1957 ಮತ್ತು 1962ರಲ್ಲಿಯೂ ಅಲ್ಲಿಂದಲೇ ಗೆದ್ದರು. ಗಂಡ ಒಂದು ಸದನದಲ್ಲಿ, ಹೆಂಡತಿ ಇನ್ನೊಂದು ಸದನದಲ್ಲಿ. ಭಾರತದ ಸಂಸತ್ತು ಕಂಡ ಪ್ರಥಮ ದಂಪತಿಗಳೆಂಬ ಕೀರ್ತಿ ಅವರದು. ಮೊದಲ ಎರಡು ವರ್ಷ ಬಾಲಾಪರಾಧಿಗಳ ನ್ಯಾಯಾಲಯದ ಹೊಣೆಯೂ ಶ್ರೀಮತಿ ಆಳ್ವಾ ಅವರ ಮೇಲೇ ಇತ್ತು. ಮುಂಬಯಿಯಲ್ಲಿ ನ್ಯಾಯಾಲಯ, ದೆಹಲಿಯಲ್ಲಿ ಅಧಿವೇಶನ. ಜೊತೆಗೆ ಮಕ್ಕಳ ಶಾಲೆ. ಚಿತ್ತರಂಜನನಿಗೆ ಆಗಿನ್ನೂ ಒಂಬತ್ತು ಹತ್ತರ ಪ್ರಾಯ.

ಸದನದಲ್ಲಿ ಅವರು ನಾಮಮಾತ್ರದ ಸದಸ್ಯೆಯಾಗಿರಲಿಲ್ಲ. ದೇಶದ ರಕ್ಷಣೆ, ಅದರಲ್ಲಿಯೂ ನೌಕಾಬಲದ ಬಗ್ಗೆ ಅಧ್ಯಯನ ಮಾಡಿ ಮಾತನಾಡಿದರು. ವಿದೇಶಿ ಬಂಡವಾಳದ ವಿಷಯದಲ್ಲಿ ಸರಕಾರ ಎಚ್ಚರದಿಂದಿರಬೇಕೆಂದರು. ಭಾಷಾವಾರು ರಾಜ್ಯಗಳಿಗೆ ಬೆಂಬಲ ನೀಡಿದರು. ಈ ಕೊನೆಯ ವಿಷಯ ನಮಗೆ ಹತ್ತಿರದ್ದು. 1956ರಲ್ಲಿ ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರ ಜಿಲ್ಲೆಗಳು ಮುಂಬಯಿಯಿಂದ ಬೇರ್ಪಟ್ಟು ಕನ್ನಡನಾಡನ್ನು ಸೇರಿದ್ದು ಆ ತತ್ತ್ವದ ಫಲವೇ.

1957ರ ಮಹಾಚುನಾವಣೆಯ ತರುವಾಯ ಅವರು ಕೇಂದ್ರ ಗೃಹಖಾತೆಯ ಉಪಮಂತ್ರಿಗಳಾದರು. ಪಂಡಿತ ಗೋವಿಂದ ವಲ್ಲಭ ಪಂತರು ಆಗ ಗೃಹಮಂತ್ರಿಗಳು. ಹದಿನಾಲ್ಕು ವರ್ಷಗಳ ಹಿಂದೆ ಕೂಸಿನೊಡನೆ ತಮ್ಮನ್ನು ಸೆರೆಯಲ್ಲಿಟ್ಟಿದ್ದ ಆಡಳಿತವ್ಯವಸ್ಥೆಯ ಸ್ಥಾನದಲ್ಲಿ ಈಗ ಜನರೇ ಕಟ್ಟಿದ ಸರಕಾರವಿತ್ತು. ಅದರ ಗೃಹಖಾತೆಯಲ್ಲಿ ಅದೇ ತಾಯಿ ಕುಳಿತಿದ್ದರು. 1960ರಿಂದ ಅವರು ರಾಜ್ಯಸಭೆಯಲ್ಲಿ ಮೈಸೂರು ರಾಜ್ಯವನ್ನು ಪ್ರತಿನಿಧಿಸಿದರು. 1962ರ ಏಪ್ರಿಲ್ ತಿಂಗಳಲ್ಲಿ ರಾಜ್ಯಸಭೆಯ ಉಪಸಭಾಪತಿಯಾಗಿ ಆಯ್ಕೆಯಾದರು. ರಾಜ್ಯಸಭೆಯ ಅಧ್ಯಕ್ಷಪೀಠದಲ್ಲಿ ಕುಳಿತು ಕಲಾಪವನ್ನು ನಡೆಸಿದ ಪ್ರಥಮ ಮಹಿಳೆ ಅವರೇ. 1966ರಲ್ಲಿ ಮತ್ತೊಮ್ಮೆ ಅದೇ ಹುದ್ದೆಗೆ ಆರಿಸಿ ಬಂದರು.

ಇಷ್ಟೆಲ್ಲದರ ನಡುವೆ ಮಹಿಳಾ ವಕೀಲರ ಅಂತರರಾಷ್ಟ್ರೀಯ ಒಕ್ಕೂಟ, ಕ್ರೈಸ್ತ ಯುವತಿಯರ ಸಂಘ ಮೊದಲಾದ ಸಂಸ್ಥೆಗಳ ಸಂಪರ್ಕವನ್ನೂ ಅವರು ಉಳಿಸಿಕೊಂಡಿದ್ದರು. ತಾವು ಹತ್ತಿದ ಏಣಿಯನ್ನು ಮೇಲಕ್ಕೆಳೆದುಕೊಳ್ಳದೆ, ಹಿಂದೆ ಬರುವವರಿಗೆ ಹಿಡಿದು ನಿಂತವರು ಅವರು.

ಕೊನೆಯ ದಿನಗಳು

ಸಾರ್ವಜನಿಕ ಜೀವನವು ಯಾರಿಗೂ ಕೇವಲ ಹೂಮಾಲೆಯನ್ನು ನೀಡುವುದಿಲ್ಲ. 1969ರಲ್ಲಿ ಉಪರಾಷ್ಟ್ರಪತಿಯ ಸ್ಥಾನ ತೆರವಾದಾಗ ಏಳು ವರ್ಷಗಳಿಂದ ರಾಜ್ಯಸಭೆಯನ್ನು ನಡೆಸಿದ್ದ ಶ್ರೀಮತಿ ಆಳ್ವಾ ಅವರಿಗೆ ತಮ್ಮ ಪಕ್ಷದ ನಾಯಕತ್ವದಿಂದ ಬೆಂಬಲ ದೊರೆಯಲಿಲ್ಲ. ಮೈಸೂರಿನ ರಾಜ್ಯಪಾಲರಾಗಿದ್ದ ಗೋಪಾಲ ಸ್ವರೂಪ ಪಾಠಕರು ಆ ಸ್ಥಾನಕ್ಕೆ ಬಂದರು. ಕಾಂಗ್ರೆಸ್ಸೇ ಇಬ್ಭಾಗವಾಗುತ್ತಿದ್ದ ಕಾಲ ಅದು. ನವೆಂಬರ್ ತಿಂಗಳ ನಡುವಿನಲ್ಲಿ ಶ್ರೀಮತಿ ಆಳ್ವಾ ಅವರು ಉಪಸಭಾಪತಿಯ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ, 1969ರ ನವೆಂಬರ್ 20ರಂದು, ಮೆದುಳಿನ ರಕ್ತಸ್ರಾವದಿಂದ ಅವರು ದೈವಾಧೀನರಾದರು. ಆಗ ಅವರಿಗೆ 61 ವರ್ಷ. ಪತಿ ಜೋಕಿಂ ಅವರು ಇನ್ನೂ ಹತ್ತು ವರ್ಷ ಬಾಳಿ 1979ರಲ್ಲಿ ತೀರಿಕೊಂಡರು.

ಅವರು ಹಚ್ಚಿದ ದೀಪ ಅಲ್ಲಿಗೆ ಆರಲಿಲ್ಲ. 1964ರಲ್ಲಿ ಮಗ ನಿರಂಜನರ ಕೈಹಿಡಿದು ಈ ಮನೆಗೆ ಬಂದ ಸೊಸೆ ಶ್ರೀಮತಿ ಮಾರ್ಗರೇಟ್ ಆಳ್ವಾ ಅವರೂ ಕಾಯಿದೆಯನ್ನು ಓದಿದವರೇ. 1974ರಲ್ಲಿ ಅವರು ರಾಜ್ಯಸಭೆಯನ್ನು ಪ್ರವೇಶಿಸಿದರು. ಮುಂದೆ ಕೇಂದ್ರದಲ್ಲಿ ಮಂತ್ರಿಗಳೂ ಹಲವು ರಾಜ್ಯಗಳ ರಾಜ್ಯಪಾಲರೂ ಆದರು. ಅತ್ತೆಯ ದಾರಿಯಲ್ಲಿ ಸೊಸೆ ನಡೆದ ಮನೆ ಇದು. ಜೋಕಿಂ ಮತ್ತು ವಯೊಲೆಟ್ ದಂಪತಿಗಳ ಭಾವಚಿತ್ರವನ್ನು 2007ರಲ್ಲಿ ಸಂಸತ್ ಭವನದಲ್ಲಿ ಅನಾವರಣಗೊಳಿಸಲಾಯಿತು. 2008ರಲ್ಲಿ, ಶ್ರೀಮತಿ ಆಳ್ವಾ ಅವರ ಜನ್ಮಶತಮಾನೋತ್ಸವದ ವರ್ಷ, ಅಂಚೆ ಇಲಾಖೆಯು ಇಬ್ಬರ ಸ್ಮಾರಕ ಅಂಚೆಚೀಟಿಯನ್ನು ಹೊರತಂದಿತು. ಒಂದೇ ಚೀಟಿಯಲ್ಲಿ ಗಂಡ ಹೆಂಡತಿಯರಿಬ್ಬರೂ ಇರುವುದು ಈ ಸಂಸಾರಕ್ಕೆ ಎಷ್ಟೊಂದು ಒಪ್ಪುವ ಸ್ಮಾರಕ!

ನಮ್ಮ ಮನೆಗಳಿಗೆ ಒಂದು ಮಾತು

ಶ್ರೀಮತಿ ಆಳ್ವಾ ಅವರಿಗೆ ಉನ್ನತ ಶಿಕ್ಷಣವಿತ್ತು, ಮಹಾನಗರದ ಅನುಕೂಲವಿತ್ತು, ಹೆಗಲೆಣೆಯಾಗಿ ದುಡಿದ ಪತಿ ಇದ್ದರು. ಇಂಡಿಯ ನಿಂಬೆ ತೋಟದಲ್ಲಿ, ಸಿಂದಗಿಯ ತೊಗರಿ ಹೊಲದಲ್ಲಿ ದುಡಿಯುವ ತಾಯಿಗೆ, ಮುದ್ದೇಬಿಹಾಳದ ಬಸ್ ನಿಲ್ದಾಣದಲ್ಲಿ ಕತ್ತಲಾಗುವವರೆಗೆ ಕಾಯುವ ಶಿಕ್ಷಕಿಗೆ ಅಷ್ಟೊಂದು ಆಸರೆ ಎಲ್ಲಿಂದ ಬರಬೇಕು? ಆದುದರಿಂದ ಅವರಂತೆ ನೀವೂ ಎಲ್ಲವನ್ನೂ ಒಬ್ಬರೇ ಹೊರಿರಿ ಎಂದು ನಮ್ಮ ತಾಯಂದಿರಿಗೆ ಹೇಳುವುದು ನ್ಯಾಯವಲ್ಲ. ಈ ಜೀವನದ ಪಾಠ ತಾಯಂದಿರಿಗಿಂತ ಹೆಚ್ಚಾಗಿ ಅವರ ಸುತ್ತಲಿನವರಿಗೆ ಸೇರಿದ್ದು.

ಅಣ್ಣ ಅಕ್ಕಂದಿರು ತಂಗಿಯನ್ನು ಓದಿಸದಿದ್ದರೆ ವಕೀಲೆ ವಯೊಲೆಟ್ ಇರುತ್ತಿರಲಿಲ್ಲ. ಪತಿ ಮನೆಯ ಬಾಗಿಲನ್ನು ಹಾಕಿಕೊಂಡಿದ್ದರೆ ಪೂರ್ಣಪೀಠದ ಬಾಗಿಲು ತೆರೆಯುತ್ತಿರಲಿಲ್ಲ. ಸಂತ ಜೋಸೆಫರು ಬಡಗಿಯ ಉಳಿಯನ್ನು ಹಿಡಿದ ಕೈಯಲ್ಲಿಯೇ ಬಾಲಕ ಯೇಸುವನ್ನೂ ಎತ್ತಿಕೊಂಡಿರುವ ಚಿತ್ರಪಟ ನಮ್ಮ ಅನೇಕರ ಮನೆಯ ಗೋಡೆಯ ಮೇಲಿದೆ. ಅದನ್ನು ನೋಡುತ್ತ ಶಿಲುಬೆಯ ಗುರುತು ಹಾಕುವ ಗಂಡಸರು, ಕೆಲಸದಿಂದ ದಣಿದು ಬಂದ ಮಡದಿಯ ಕೈಯಿಂದ ಅಳುವ ಕೂಸನ್ನು ಎತ್ತಿಕೊಳ್ಳಲು ಸಂಕೋಚ ಪಡುವುದೇಕೆ? ಮಗಳ ಅಥವಾ ಸೊಸೆಯ ನೌಕರಿ ಮನೆಗೆ ಸಂಬಳವಾಗಿ ಬರಬೇಕು, ಮನೆಗೆಲಸ ಮಾತ್ರ ಅವಳೊಬ್ಬಳದೇ ಆಗಿರಬೇಕು ಎಂಬ ಲೆಕ್ಕ ಕ್ರೈಸ್ತ ಕುಟುಂಬಕ್ಕೆ ಒಪ್ಪುವಂಥದಲ್ಲ.

ಪೋಪ್ ಎರಡನೆಯ ಜಾನ್ ಪೌಲರು 1981ರಲ್ಲಿ ಕುಟುಂಬವನ್ನು ಕುರಿತು ಬರೆದ ಪ್ರಬೋಧನ ಪತ್ರದಲ್ಲಿ ಸ್ತ್ರೀಯರು ಸಾರ್ವಜನಿಕ ಹೊಣೆಗಳನ್ನು ಹೊರುವ ಹಕ್ಕನ್ನು ಎತ್ತಿಹಿಡಿದರು. ಜೊತೆಗೆ ಮನೆಯಲ್ಲಿ ತಾಯಿ ಮಾಡುವ ದುಡಿಮೆಗೂ ಸಮಾಜ ಬೆಲೆ ಕೊಡಬೇಕೆಂದರು. 1995ರಲ್ಲಿ ಮಹಿಳೆಯರಿಗೆ ಬರೆದ ಪತ್ರದಲ್ಲಿ ತಾಯಂದಿರಿಗೂ ದುಡಿಯುವ ಸ್ತ್ರೀಯರಿಗೂ ಕೃತಜ್ಞತೆ ಸಲ್ಲಿಸಿದರು. ಬೋಧನೆ ನಮ್ಮಲ್ಲಿದೆ, ಆಚರಣೆ ಬೇಕಾಗಿದೆ. ಧರ್ಮಕೇಂದ್ರದ ಸಭಾಭವನ ವಾರದ ಆರು ದಿನ ಬೀಗ ಹಾಕಿಕೊಂಡಿರುವ ಕಡೆ, ಹಗಲು ಹೊತ್ತು ನಾಲ್ಕು ತೊಟ್ಟಿಲುಗಳಿಗೆ ಅಲ್ಲಿ ಎಡೆಯಾಗಬಾರದೇ? ನಿವೃತ್ತರಾದ ಅಜ್ಜಿಯರು, ಮಹಿಳಾ ಸಂಘದ ಸದಸ್ಯೆಯರು ಪಾಳಿಯ ಮೇಲೆ ಕೂಸುಗಳನ್ನು ನೋಡಿಕೊಳ್ಳಬಾರದೇ? ಗುಳೆ ಹೋಗುವ ಕುಟುಂಬದ ಮಗು ಶಾಲೆ ಬಿಡದಂತೆ ನೆರೆಮನೆಯವರು ಆಸರೆಯಾಗಬಾರದೇ? ಇದಕ್ಕೆ ಹಣಕ್ಕಿಂತ ಮನಸ್ಸು ಬೇಕು.

ನವೆಂಬರ್ ತಿಂಗಳು ನಾವು ಅಗಲಿದವರ ಆತ್ಮಗಳಿಗಾಗಿ ವಿಶೇಷವಾಗಿ ಪ್ರಾರ್ಥಿಸುವ ತಿಂಗಳು. ಎರಡನೆಯ ತಾರೀಖಿನಂದು ನಮ್ಮ ಹಿರಿಯರ ಸಮಾಧಿಗಳ ಮೇಲೆ ಮೇಣದಬತ್ತಿ ಹಚ್ಚುತ್ತೇವೆ. ಅದೇ ತಿಂಗಳ 20ನೆಯ ತಾರೀಖಿನಂದು ಕೂಸನ್ನೂ ಕರ್ತವ್ಯವನ್ನೂ ಒಟ್ಟಿಗೆ ಎತ್ತಿಕೊಂಡು ನಡೆದ ಈ ತಾಯಿಗಾಗಿಯೂ ಒಂದು ಪ್ರಾರ್ಥನೆ ಸಲ್ಲಿಸೋಣ. ಅಂದು ನಮ್ಮ ಓಣಿಯಲ್ಲಿ ಕೆಲಸಕ್ಕೆ ಹೊರಟ ಒಬ್ಬ ತಾಯಿಯ ಕೂಸನ್ನು ಸಂಜೆಯವರೆಗೆ ಎತ್ತಿಕೊಂಡರೆ ಆ ಪ್ರಾರ್ಥನೆ ಪೂರ್ಣವಾದೀತು.